ಮಳೆಚರಂಡಿಯ ಫಿಲ್ಟರ್ ಚೀಲ: ಯಾವುದನ್ನು ಕೊಳ್ಳಬೇಕು, ಎಷ್ಟು ನಂಬಬೇಕು

ಅಂಗಡಿ ಸಂಕೀರ್ಣ, ಗೋದಾಮು, ಪಾರ್ಕಿಂಗ್ ಅಂಗಳಗಳಲ್ಲಿ ಬಿದ್ದ ಮಳೆನೀರು ಬಹಳಷ್ಟು ಕಡೆ ಯಾವ ಶುದ್ಧೀಕರಣವೂ ಇಲ್ಲದೆ ಹಳ್ಳಕ್ಕೋ ಕೆರೆಗೋ ಸೇರುತ್ತದೆ. ಚರಂಡಿ ಜಾಲರಿಯ ಕೆಳಗೆ ತೂಗುಹಾಕುವ ಫಿಲ್ಟರ್ ಚೀಲ ಆ ದಾರಿಯ ಕೊನೆಯ ತಡೆ. ಇದರಲ್ಲಿ ಎರಡು ಬಗೆಯಿದೆ.

ಬಟ್ಟೆಯ ಅಂಚನ್ನು ಜಾಲರಿಯಡಿ ಸಿಕ್ಕಿಸುವ, ಚೌಕಟ್ಟಿಲ್ಲದ ಚೀಲ ಅಗ್ಗ. ಕಟ್ಟಡ ಕಾಮಗಾರಿ ನಡೆಯುವಷ್ಟು ಕಾಲಕ್ಕೆ ಸಾಕು, ಕಾಯಂ ಬಳಕೆಗೆ ಬೇಡ. ಜಾಲರಿ ಎತ್ತಿದೊಡನೆ ಅಂಚು ಜಾರುತ್ತದೆ, ಹಿಡಿದಿಟ್ಟ ಹೂಳೆಲ್ಲ ಗುಂಡಿಗೇ ಬೀಳುತ್ತದೆ. ಲೋಹದ ಚೌಕಟ್ಟು, ಎತ್ತುವ ಹಿಡಿಕೆ, ಚೀಲದ ಮೇಲ್ಭಾಗದಲ್ಲಿ ತುಂಬಿದ ನೀರು ಹೊರಹೋಗುವ ಕಿಂಡಿ, ಇವು ಮೂರೂ ಇರುವ ಮಾದರಿಯನ್ನೇ ಕೊಳ್ಳಿ. ಕಿಂಡಿಯಿಲ್ಲದಿದ್ದರೆ ಜೋರು ಮಳೆಯಲ್ಲಿ ಅಂಗಳವೇ ಕೆರೆಯಾಗುತ್ತದೆ. ಆಮೇಲೆ ಯಾರೋ ಒಬ್ಬರು ಚೀಲ ಹರಿದುಹಾಕುತ್ತಾರೆ. ಚೌಕಟ್ಟು ಸ್ಟೇನ್‌ಲೆಸ್ ಉಕ್ಕಿನದಾಗಿರಲಿ. ಸತು ಲೇಪಿಸಿದ ಉಕ್ಕಿನದಾದರೆ ಆ ಲೇಪನ ನೀರಿಗೆ ಕರಗುತ್ತಾ ಹೋಗುತ್ತದೆ, ಮೀನುಗಳಿಗೆ ಸತು ವಿಷ.

ಅಳತೆಯಲ್ಲೇ ಹೆಚ್ಚು ಜನ ಎಡವುವುದು. ಜಾಲರಿಯನ್ನಲ್ಲ, ಅದನ್ನು ತೆಗೆದು ಅದು ಕೂರುವ ಅಂಚಿನ ಒಳ ಅಳತೆಯನ್ನು ನಾಲ್ಕೂ ಬದಿಯಲ್ಲಿ ಹಿಡಿಯಬೇಕು. ಚೌಕಟ್ಟಿಗೂ ಗೋಡೆಗೂ ಬೆರಳಗಲ ಸಂದು ಉಳಿದರೂ ಸಣ್ಣ ಮಳೆಯ ನೀರು, ಅಂದರೆ ಅತಿ ಕೊಳಕು ನೀರು, ಆ ಸಂದಿನಲ್ಲೇ ಇಳಿದುಹೋಗುತ್ತದೆ. ರಬ್ಬರ್ ಗ್ಯಾಸ್ಕೆಟ್ ಹಾಕಿ. ಚೀಲದ ತಳ ಹೊರಹರಿವಿನ ಪೈಪಿನ ಬಾಯಿಗೆ ಅಡ್ಡವಾಗಬಾರದು.

ಸಾಮರ್ಥ್ಯದ ಲೆಕ್ಕ ಸುಲಭ: 1,000 ಚದರ ಮೀಟರ್ ಕಾಂಕ್ರೀಟ್ ಮೇಲೆ ಗಂಟೆಗೆ 20 ಮಿ.ಮೀ. ಮಳೆಯಾದರೆ ಗಂಟೆಗೆ ಸುಮಾರು 20,000 ಲೀಟರ್, ಅಂದರೆ ಸೆಕೆಂಡಿಗೆ ಐದೂವರೆ ಲೀಟರ್ ನೀರು ಚೀಲದ ಮೂಲಕ ಹೋಗಬೇಕು. ಕರಪತ್ರದಲ್ಲಿ ಕೊಡುವ ಹರಿವಿನ ಅಂಕಿ ಹೊಸ ಬಟ್ಟೆಯದು ಎಂಬುದು ನೆನಪಿರಲಿ. ಜೇಡಿಯ ಅತಿ ಸಣ್ಣ ಕಣಗಳು ನೇಯ್ಗೆಯ ರಂಧ್ರಗಳನ್ನು ಬೇಗ ಮುಚ್ಚಿಬಿಡುತ್ತವೆ. ಚೀಲ ಅರ್ಧ ತುಂಬುವ ಮೊದಲೇ ಖಾಲಿ ಮಾಡಿ. 50 ಲೀಟರ್ ಒದ್ದೆ ಹೂಳು 80 ಕೆ.ಜಿ. ದಾಟುತ್ತದೆ, ಒಬ್ಬರೇ ಎತ್ತಲು ಹೋಗಬೇಡಿ.

ಎಣ್ಣೆ ಹೀರಲು ಒಳಗಿಡುವ ಪಾಲಿಪ್ರೊಪಿಲೀನ್ ದಿಂಡು ನೀರನ್ನು ಬಿಟ್ಟು ಎಣ್ಣೆಯನ್ನಷ್ಟೇ ಹಿಡಿಯುತ್ತದೆ. ವಾಹನ ನಿಲ್ಲುವ ಜಾಗಕ್ಕೆ ನಿಜಕ್ಕೂ ಒಳ್ಳೆಯದು. ಆದರೆ ಅಂಗಳವನ್ನು ಡಿಟರ್ಜೆಂಟ್ ಹಾಕಿ ತೊಳೆದರೆ ಎಣ್ಣೆ ಸೂಕ್ಷ್ಮ ಹನಿಗಳಾಗಿ ನೀರಿನಲ್ಲಿ ಬೆರೆತು ದಿಂಡನ್ನು ದಾಟಿಬಿಡುತ್ತದೆ. ತೊಳೆದ ನೀರು ಮಳೆಚರಂಡಿಗೆ ಹೋಗಲೇಕೂಡದು, ಒಳಚರಂಡಿಗೆ ಹೋಗಬೇಕು. ಎಣ್ಣೆ ಚೆಲ್ಲಿದಲ್ಲಿ ಹೀರುಪುಡಿ ಹರಡಿ, ಗುಡಿಸಿ ತೆಗೆಯಿರಿ. ನೀರಿನಲ್ಲಿ ಕರಗಿದ ಗೊಬ್ಬರ, ನೀರಿನಲ್ಲಿ ಕರಗಿದ ಲೋಹ, ಕಸದ ತೊಟ್ಟಿಯಿಂದ ಸೋರುವ ರಸ, ಇವನ್ನು ಯಾವ ಚೀಲವೂ ತಡೆಯುವುದಿಲ್ಲ. ತೊಟ್ಟಿಗೆ ಮುಚ್ಚಳ ಹಾಕಿ, ಅದರ ತಳದ ತೂತಿಗೆ ಬಿರಡೆ ಬಿಗಿಯಿರಿ. ಚೀಲಕ್ಕೆ ಖರ್ಚು ಮಾಡುವ ಮೊದಲೇ ಈ ಕೆಲಸ ಆಗಬೇಕು.

ದಿಂಡು ಪೂರ್ತಿ ಕಪ್ಪಾದರೆ ಬದಲಿಸಿ. ಹಿಂಡಿ ಮತ್ತೆ ಬಳಸಬೇಡಿ, ಮಾಮೂಲಿ ಕಸಕ್ಕೂ ಹಾಕಬೇಡಿ. ಅಪಾಯಕಾರಿ ತ್ಯಾಜ್ಯ ಒಯ್ಯುವವರಿಗೆ ಕೊಡಿ.