ಹಳೇ ಹ್ಯಾಚ್‌ಬ್ಯಾಕ್‌ನ ಎಸಿ: ಕೂಲಿಂಗ್ ಚೆನ್ನಾಗಿದೆ, ಬ್ಲೋವರ್ ಮಾತ್ರ ಸ್ವಲ್ಪ ತರಲೆ

ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ನಾಬ್ ತಿರುಗಿಸುವ ಮಾಮೂಲಿ ಎಸಿ. ಕೆಲವು ವರ್ಷಗಳಿಂದ ಬೆಂಗಳೂರಿನ ಔಟರ್ ರಿಂಗ್ ರೋಡಲ್ಲಿ ಓಡಿಸುತ್ತಿದ್ದೇನೆ. ಕೂಲಿಂಗ್ ಬಗ್ಗೆ ದೂರಿಲ್ಲ, ಏಪ್ರಿಲ್ ಮಧ್ಯಾಹ್ನ ಸಿಲ್ಕ್ ಬೋರ್ಡ್ ಹತ್ತಿರ ನಿಂತಿದ್ದರೂ ಎರಡನೇ ಸ್ಪೀಡ್ ಸಾಕು.

ಕೈಕೊಟ್ಟಿದ್ದು ಬ್ಲೋವರ್, ಅಂದರೆ ಒಳಗೆ ಗಾಳಿ ಊದುವ ಫ್ಯಾನ್. ಒಂದು, ಎರಡು, ಮೂರರಲ್ಲಿ ಗಾಳಿಯೇ ಇಲ್ಲ, ನಾಲ್ಕಕ್ಕೆ ಇಟ್ಟರೆ ಬಿರುಗಾಳಿ. ಸರ್ವೀಸ್ ಸೆಂಟರ್‌ನವರು ಸೀದಾ ಮೋಟರ್ ಬದಲಿಸಬೇಕು ಅಂದರು. ನಾಲ್ಕರಲ್ಲಿ ಅಷ್ಟು ಚೆನ್ನಾಗಿ ತಿರುಗುವ ಮೋಟರ್ ಕೆಟ್ಟಿದೆ ಅಂದರೆ ಹೇಗೆ ನಂಬೋದು ಸ್ವಾಮಿ? ಇಂಥ ಮ್ಯಾನುವಲ್ ಎಸಿಯಲ್ಲಿ ಕಡಿಮೆ ಸ್ಪೀಡ್‌ಗಳಿಗೆ ಕರೆಂಟ್ ರೆಸಿಸ್ಟರ್ ಅನ್ನೋ, ಕರೆಂಟ್ ತಗ್ಗಿಸುವ ಸಣ್ಣ ಭಾಗದ ಮೂಲಕ ಹೋಗುತ್ತದೆ, ಕೊನೇ ಸ್ಪೀಡ್‌ಗೆ ನೇರವಾಗಿ ಮೋಟರ್‌ಗೆ. ಅಂದಮೇಲೆ ಮೊದಲು ಅನುಮಾನ ಪಡಬೇಕಾದ್ದು ರೆಸಿಸ್ಟರ್. ಗಾಡಿ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಹೊಸದು ತಂದೆ, ಮೋಟರ್‌ಗೆ ಹೇಳಿದ ರೇಟಿನ ಮುಂದೆ ಅದು ಏನೂ ಅಲ್ಲ. ಏರಿಯಾದ ಆಟೋ ಎಲೆಕ್ಟ್ರಿಷಿಯನ್ ಗ್ಲೋವ್ ಬಾಕ್ಸ್ ಇಳಿಸಿ ಹಾಕಿಕೊಟ್ಟರು. ರೆಸಿಸ್ಟರ್‌ಗೆ ವೈರ್ ಸೇರುವ ಕನೆಕ್ಟರ್‌ನ ಪ್ಲಾಸ್ಟಿಕ್ ಕರಗಿದೆಯಾ ಅಂತಲೂ ನೋಡಿಸಿ, ಕರಗಿದ್ದರೆ ಹೊಸ ರೆಸಿಸ್ಟರ್ ಕೂಡ ಜಾಸ್ತಿ ದಿನ ಬಾಳಲ್ಲ.

ರೆಸಿಸ್ಟರ್ ಸುಟ್ಟಿದ್ದು ಯಾಕೆ ಅನ್ನೋದು ಎಸಿಯ ಗಾಳಿ ಸೋಸುವ ಫಿಲ್ಟರ್ ಹೊರಗೆ ಬಂದಾಗ ಗೊತ್ತಾಯಿತು. ಮೆಟ್ರೋ ಕೆಲಸದ ಧೂಳು, ಮೇಲೆ ನಮ್ಮ ಬೀದಿಯ ಹೊಂಗೆ ಮರದ ಹೂವು, ಎಲೆ, ಎಲ್ಲಾ ಸೇರಿ ಕಂಬಳಿ ಥರ ಕೂತಿತ್ತು. ಬ್ಲೋವರ್ ಗಾಳಿಯಿಂದಲೇ ರೆಸಿಸ್ಟರ್ ತಣ್ಣಗಾಗಬೇಕು, ಗಾಳಿ ಕಟ್ಟಿದರೆ ಅದು ಬಿಸಿಯಾಗುತ್ತದೆ. ಈ ಊರಲ್ಲಿ ಮಳೆಗಾಲ ಮುಗಿದ ಮೇಲೆ ಒಮ್ಮೆ, ಬೇಸಿಗೆಗೆ ಮೊದಲು ಒಮ್ಮೆ ಫಿಲ್ಟರ್ ತೆಗೆದು ನೋಡೋದು ಒಳ್ಳೇದು.

ಇನ್ನು ಗ್ಯಾಸ್ ಪುರಾಣ. ಎಸಿ ಅಂದ ತಕ್ಷಣ "ಗ್ಯಾಸ್ ಹಾಕಿಸಿ ಸಾರ್" ಅನ್ನುವವರೇ ಜಾಸ್ತಿ, ಅಲ್ವಾ? ಗ್ಯಾಸ್ ಪೆಟ್ರೋಲ್ ಥರ ಉರಿದು ಖಾಲಿಯಾಗಲ್ಲ. ಬೇಗ ಬೇಗ ಕಡಿಮೆಯಾಗುತ್ತಿದ್ದರೆ ಎಲ್ಲೋ ಲೀಕ್ ಇದೆ, ಅದನ್ನು ಹುಡುಕದೆ ತುಂಬಿಸೋದು ಸುಮ್ನೆ ದಂಡ. ಗಾಳಿ ಜೋರಾಗಿದ್ದು ತಂಪಿಲ್ಲದಿದ್ದರೆ ಗ್ಯಾಸ್ ಕಡೆ ನೋಡಿ. ಓಡುವಾಗ ತಂಪು, ಸಿಗ್ನಲ್‌ನಲ್ಲಿ ಬಿಸಿ ಅಂದರೆ ಮೊದಲು ಕಂಡೆನ್ಸರ್ (ಗ್ಯಾಸಿನ ಬಿಸಿ ಹೊರಹಾಕುವ ಭಾಗ) ಫ್ಯಾನ್ ತಿರುಗುತ್ತಿದೆಯಾ ನೋಡಿ. ದೂರ ಓಡಿಸಿದ ಮೇಲೆ ಗಾಳಿ ಕ್ಷೀಣವಾಗಿ, ಎಸಿ ಆಫ್ ಮಾಡಿ ಸ್ವಲ್ಪ ಬಿಟ್ಟರೆ ಸರಿಹೋಗುತ್ತಿದ್ದರೆ ಕೂಲಿಂಗ್ ಕಾಯಿಲ್ ಮೇಲೆ ಐಸ್ ಕಟ್ಟುತ್ತಿರಬಹುದು. ಕಾರಿನ ಕೆಳಗೆ ನೀರು ತೊಟ್ಟಿಕ್ಕಿದರೆ ಗಾಬರಿ ಬೇಡ, ಅದೇ ನೀರು ಒಳಗಿನ ಮ್ಯಾಟ್ ಮೇಲೆ ಬಂದರೆ ಡ್ರೈನ್ ಪೈಪ್ ಕಟ್ಟಿದೆ.

ರೆಸಿಸ್ಟರ್ ಹಾಕಿಸಿದ ಮೇಲೆ ನಾಲ್ಕೂ ಸ್ಪೀಡ್ ಸರಿಯಾಗಿವೆ. ಈಗ ಮೂರರಲ್ಲಿ ಸಣ್ಣ ಕಿರ್ ಸದ್ದು ಶುರುವಾಗಿದೆ. ಫ್ಯಾನಿಗೆ ಎಲೆ ಸಿಕ್ಕಿದೆಯೋ, ಮೋಟರ್ ಬುಶ್ (ಶಾಫ್ಟ್ ತಿರುಗುವ ಬಳೆ) ಸವೆದಿದೆಯೋ, ಬಿಚ್ಚಿಸಿ ನೋಡಬೇಕು.