ಮನೆಗೊಂದು ಎಸ್ಪ್ರೆಸೊ ಮಷಿನ್: ಹುಬ್ಬಳ್ಳಿಯ ಬೋರ್ ನೀರು, ಎಮ್ಮೆ ಹಾಲಿನ ಜೊತೆ ಮೂರು ವರ್ಷ

ಎಸ್ಪ್ರೆಸೊ, ಅಂದರೆ ಬಿಸಿನೀರನ್ನು ಒತ್ತಡದಿಂದ ಪುಡಿಯ ಮೂಲಕ ಹಾಯಿಸಿ ಇಳಿಸುವ ಗಟ್ಟಿ ಕಾಫಿ. ಅದರ ಮಷಿನ್‌ಗೆ ಅಂತ ಎತ್ತಿಟ್ಟ ದುಡ್ಡಿನಲ್ಲಿ ಅರ್ಧ ಬೀಜ ಬೀಸುವ ಗ್ರೈಂಡರ್‌ಗೆ ಹೋಗಬೇಕು. ಉಳಿದ ಅರ್ಧಕ್ಕೆ ಯಾವ ಮಷಿನ್ ಬರುತ್ತದೋ ಅದು ಸಾಕು. ಹುಬ್ಬಳ್ಳಿಯಲ್ಲಿ ಮೂರು ವರ್ಷಕ್ಕೂ ಜಾಸ್ತಿ ದಿನಾ ಬಳಸಿದ ಮೇಲೆ ನಾನು ಹೇಳುವುದು ಇಷ್ಟೇ. ಬೆಂಗಳೂರಿನವರು ಕೊಡುವ ಸಲಹೆ ಇಲ್ಲಿಗೆ ಅರ್ಧಂಬರ್ಧ ಹೊಂದುತ್ತದೆ. ನಮ್ಮ ನೀರು ಬೇರೆ, ಹಾಲು ಬೇರೆ, ಕೆಟ್ಟಾಗ ರಿಪೇರಿಗೆ ಓಡುವ ದಾರಿಯೂ ಬೇರೆ.

ನನ್ನದು ಥರ್ಮೋಬ್ಲಾಕ್ ಮಷಿನ್, ಅಂದರೆ ಬಾಯ್ಲರ್ ಬದಲು ಬಿಸಿ ಲೋಹದೊಳಗಿನ ಕಿರಿದಾದ ದಾರಿಯಲ್ಲಿ ಹರಿಯುವಾಗಲೇ ನೀರು ಕಾಯುವಂಥದ್ದು. 51 ಮಿಲಿಮೀಟರ್ ಪೋರ್ಟಾಫಿಲ್ಟರ್ (ಪುಡಿ ತುಂಬಿ ಮಷಿನ್‌ಗೆ ಸಿಕ್ಕಿಸುವ ಹಿಡಿಯ ಬಟ್ಟಲು), 1300 ವ್ಯಾಟ್, ಒಂದು ಲೀಟರ್ ಚಿಲ್ಲರೆ ಟ್ಯಾಂಕ್. ತಗೊಂಡಾಗ ಬೆಲೆ 20 ಸಾವಿರದ ಆಸುಪಾಸು. ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ಇದೇ ಅಚ್ಚಿನ ಮಷಿನ್‌ಗಳು ನಾಲ್ಕಾರು ಹೆಸರಲ್ಲಿ ಸಿಗುತ್ತವೆ, ಒಳಗಿನ ಸಾಮಾನು ಹೆಚ್ಚುಕಮ್ಮಿ ಒಂದೇ.

ಡಬ್ಬಿಯ ಮೇಲೆ ದೊಡ್ಡದಾಗಿ '15 ಬಾರ್' ಅಂತ ಬರೆದಿರುತ್ತದೆ. ಅದನ್ನು ನೋಡಿ ಮರುಳಾಗಬೇಡಿ. ಎಸ್ಪ್ರೆಸೊಗೆ ಬೇಕಾಗಿದ್ದು 9 ಬಾರ್ ಒತ್ತಡ. 15 ಅನ್ನೋದು ಪಂಪಿಗೆ ಇರುವ ತಾಕತ್ತು, ಅಷ್ಟೇ. 20 ಬಾರ್ ಅಂತ ಬರೆದರೂ ಕಾಫಿಯ ರುಚಿ ಒಂದು ಚೂರೂ ಹೆಚ್ಚುವುದಿಲ್ಲ. ಮಿಲಾನಿನ ಆಕಿಲೆ ಗ್ಯಾಜಿಯಾ 1938ರಲ್ಲೇ ಬರೀ ಹಬೆಯನ್ನು ನಂಬದೆ ಒತ್ತಡದಿಂದ ಕಾಫಿ ಇಳಿಸುವುದಕ್ಕೆ ಪೇಟೆಂಟ್ ಹಾಕಿದ್ದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅವನ ಸನ್ನೆಕೋಲಿನ ಮಷಿನ್ ಬಂತು. ಕೈಯಿಂದ ಎಳೆಯುವ ಆ ಮಷಿನ್‌ನಲ್ಲೂ ಕೆಂಪು ನೊರೆ, ಅಂದರೆ ಕ್ರೆಮಾ, ಸೊಗಸಾಗಿ ಬರುತ್ತಿತ್ತು.

ನೊರೆ ಅಂದಾಗ ಇನ್ನೊಂದು ಮಾತು. ಇಂಥ ಮಷಿನ್‌ಗಳ ಜೊತೆ ಬರುವ, ಪುಡಿ ಹಾಕುವ ತೂತಿನ ಬಾಸ್ಕೆಟ್ ಎರಡು ಪದರದ್ದು. ಮೇಲೆ ನೂರಾರು ತೂತು, ಕೆಳಗೆ ಒಂದೇ ಒಂದು ಸಣ್ಣ ತೂತು. ಕಾಫಿ ಆ ಸಣ್ಣ ತೂತಿನಿಂದ ಚಿಮ್ಮುವಾಗ ಯಾವ ಹಳೆ ಪುಡಿ ಹಾಕಿದರೂ ನೊರೆ ಏಳುತ್ತದೆ. ನೋಡೋಕೆ ಚಂದ, ಬಾಯಿಗೆ ಹಾಕಿದರೆ ಸಪ್ಪೆ. ಒಂದೇ ಪದರದ ಬಾಸ್ಕೆಟ್ ಬೇರೆಯಾಗಿ ಸಿಗುತ್ತದೆ, ಅದನ್ನು ತರಿಸಿ. ಆದರೆ ಅದನ್ನು ಹಾಕಿದ ಮರುಕ್ಷಣವೇ ಗ್ರೈಂಡರ್ ಬೇಕಾಗುತ್ತದೆ. ಈಗ ನೀರನ್ನು ತಡೆಯುವ ಕೆಲಸ ಪೂರ್ತಿ ಪುಡಿಯದೇ.

ಮಿಕ್ಸರ್‌ನಲ್ಲಿ ಬೀಸಿದರೆ ಆಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಆಗಲ್ಲ. ಸ್ವಲ್ಪ ಭಾಗ ಹಿಟ್ಟಾಗಿ, ಸ್ವಲ್ಪ ರವೆಯಾಗಿ ಬರುತ್ತದೆ. ನೀರು ರವೆ ಇದ್ದ ಕಡೆ ದಾರಿ ಮಾಡಿಕೊಂಡು ಓಡಿಹೋಗುತ್ತದೆ. ನಾನು ಬಳಸುವುದು ಸ್ಟೀಲ್ ಬರ್ (ಬೀಜ ಅರೆಯುವ ಹಲ್ಲು) ಇರುವ ಕೈ ಗ್ರೈಂಡರ್. ಪುಡಿ ಎಷ್ಟು ನುಣ್ಣಗೆ ಬೇಕು ಅಂತ ಒಂದೊಂದೇ ಕ್ಲಿಕ್ ಹಿಂದೆ ಮುಂದೆ ಮಾಡಬಹುದು. 16 ಗ್ರಾಂ ಬೀಜ ಬೀಸುವ ಹೊತ್ತಿಗೆ ತೋಳಿಗೆ ಕೆಲಸ ಸಿಗುತ್ತದೆ, ಮಷಿನ್ ಕೂಡ ಬಿಸಿಯಾಗಿರುತ್ತದೆ. 16 ಗ್ರಾಂ ಹಾಕಿ, 25-30 ಸೆಕೆಂಡಿನಲ್ಲಿ 32 ಗ್ರಾಂ ಇಳಿಯಬೇಕು. ಬೇಗ ಇಳಿದರೆ ಹುಳಿ, ತಡವಾದರೆ ಕಹಿ. ಹುಳಿ ಆದರೆ ಒಂದು ಕ್ಲಿಕ್ ನುಣ್ಣಗೆ, ಕಹಿ ಆದರೆ ಒಂದು ಕ್ಲಿಕ್ ದಪ್ಪ. ಇದಕ್ಕೆ ಗ್ರಾಂ ತೋರಿಸುವ ಸಣ್ಣ ತಕ್ಕಡಿ ಬೇಕೇ ಬೇಕು.

ಪೇಟೆಯಲ್ಲಿ ಸಿಗುವ ಫಿಲ್ಟರ್ ಕಾಫಿ ಪುಡಿ ಇದಕ್ಕೆ ಹಾಕಬೇಡಿ. ಅದರಲ್ಲಿ ಬಹಳಷ್ಟಕ್ಕೆ ಚಿಕೋರಿ ಬೆರೆಸಿರುತ್ತಾರೆ. ಚಿಕೋರಿ ನೀರು ಕುಡಿದು ಅಂಟಾಗುತ್ತದೆ, ಬಾಸ್ಕೆಟ್ ತೂತು ಕಟ್ಟಿಕೊಳ್ಳುತ್ತದೆ, ಪಂಪ್ ಸುಮ್ನೆ ಒದ್ದಾಡುತ್ತದೆ. ಬೀಜಾನೇ ತಗೊಳ್ಳಿ, ಹುರಿದ ತಾರೀಖು ನೋಡಿ ತಗೊಳ್ಳಿ. ನಾನು ಚಿಕ್ಕಮಗಳೂರಿನ ಅರೇಬಿಕಾಕ್ಕೆ ಕೊಡಗಿನ ರೊಬಸ್ಟಾ ಸ್ವಲ್ಪ ಸೇರಿಸುತ್ತೇನೆ. ರೊಬಸ್ಟಾ ಅಂದರೆ ಮೂಗು ಮುರಿಯುವವರಿಗೆ ಒಂದು ಮಾತು: ನಮ್ಮ ದೇಶದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶಗಳಲ್ಲಿ ಇಟಲಿ ಮುಂದಿದೆ, ಅವರ ಎಸ್ಪ್ರೆಸೊ ಮಿಶ್ರಣಗಳಿಗೆ ನಮ್ಮ ರೊಬಸ್ಟಾ ಹೋಗುತ್ತದೆ. ಹಾಲು ಹಾಕಿದ ಮೇಲೂ ಕಾಫಿ ಕಾಫಿಯಾಗಿಯೇ ಉಳಿಯಬೇಕು ಅಂದರೆ ಅದರ ಗಡಸುತನ ಬೇಕು.

ಈಗ ನೀರು. ಅವಳಿ ನಗರದಲ್ಲಿ ಮಷಿನ್ ಕೊಲ್ಲುವುದು ಇದೇ. ಮಲಪ್ರಭಾ ನೀರು ನಳಕ್ಕೆ ಬಂದ ದಿನ ಚಿಂತೆ ಕಡಿಮೆ. ಉಳಿದ ದಿನ ಬೋರ್. ನಿಮ್ಮ ಮನೆ ನೀರು ಹೇಗಿದೆ ಅಂತ ತಿಳಿಯಲು ನೀರು ಕಾಯಿಸುವ ಕೆಟಲ್‌ನ ತಳ ನೋಡಿ. ಬಿಳಿ ಪದರ ಕಟ್ಟಿದೆಯಾ? ಅದೇ ಪದರ ಥರ್ಮೋಬ್ಲಾಕ್‌ನ ಒಳಗೂ ಕಟ್ಟುತ್ತದೆ. ಅಲ್ಲಿನ ನೀರಿನ ದಾರಿ ಬಹಳ ಕಿರಿದು. ಮೊದಲು ಧಾರೆ ಸಣ್ಣಗಾಗುತ್ತದೆ, ಆಮೇಲೆ ಪಂಪಿನ ಸದ್ದು ಬದಲಾಗುತ್ತದೆ, ಕೊನೆಗೆ ನೀರೇ ಬರಲ್ಲ. ಬಾಯ್ಲರ್ ಇರುವ ಮಷಿನ್ ಆದರೆ ಬಿಚ್ಚಿ ಕೆರೆದು ತೆಗೆಯಬಹುದು, ಥರ್ಮೋಬ್ಲಾಕ್‌ನಲ್ಲಿ ಆ ಅವಕಾಶ ಕಮ್ಮಿ.

ಬರೀ ಆರ್‌ಓ ನೀರು ಹಾಕಿದರೆ ಪದರ ಕಟ್ಟುವುದಿಲ್ಲ, ಕಾಫಿ ಮಾತ್ರ ಚಪ್ಪೆ. ರುಚಿ ಬಿಡಿಸಲು ನೀರಿನಲ್ಲಿ ಸ್ವಲ್ಪ ಖನಿಜ ಇರಲೇಬೇಕು. ನಾನು ಆರ್‌ಓ ನೀರಿಗೆ ಸೋಸಿದ ನಳದ ನೀರು ಬೆರೆಸಿ, ನೀರಿನಲ್ಲಿ ಕರಗಿದ ಖನಿಜ ಅಳೆಯುವ ಟಿಡಿಎಸ್ ಪೆನ್ನಿನಲ್ಲಿ 100ರ ಆಸುಪಾಸು ಬರುವಂತೆ ನೋಡಿಕೊಳ್ಳುತ್ತೇನೆ. ಎರಡು ತಿಂಗಳಿಗೊಮ್ಮೆ ಸಿಟ್ರಿಕ್ ಆಸಿಡ್ ಹಾಕಿ ತೊಳೆಯುವುದು ತಪ್ಪಿಸುವುದಿಲ್ಲ. ಕಿರಾಣಿ ಅಂಗಡಿಯಲ್ಲಿ ನಿಂಬು ಫೂಲ್ ಅಂತ ಕೇಳಿದರೆ ಕೊಡುತ್ತಾರೆ. ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ, ಆಮೇಲೆ ಎರಡು ಟ್ಯಾಂಕ್ ಸಾದಾ ನೀರು. ನಿಮ್ಮ ಮಷಿನ್‌ಗೆ ಇದು ನಡೆಯುತ್ತದಾ ಅಂತ ಕೈಪಿಡಿಯಲ್ಲಿ ಮೊದಲು ನೋಡಿ.

ಹಾಲಿನ ವಿಷಯಕ್ಕೆ ಬಂದರೆ ನಾವು ಪುಣ್ಯವಂತರು. ಧಾರವಾಡಿ ಎಮ್ಮೆ ಅಂತಲೇ ಒಂದು ತಳಿ ಇರುವ ಊರು ಇದು, ಪೇಡೆಯ ರುಚಿಯೂ ಅದೇ ಹಾಲಿನದು. ಗೌಳಿಗರ ಮನೆಯ ಹಾಲಿನಲ್ಲಿ ಮಾಡಿದ ಕ್ಯಾಪುಚಿನೊಗೆ ಸಕ್ಕರೆ ಬೇಕಾಗುವುದಿಲ್ಲ. ಆದರೆ ಒಂದು ತೊಂದರೆ ಇದೆ. ಆ ಹಾಲನ್ನು ನಾವು ಕಾಯಿಸಿ ಇಡುತ್ತೇವೆ, ಮೇಲೆ ಕೆನೆ ಕಟ್ಟುತ್ತದೆ. ಎಷ್ಟು ಸೋಸಿದರೂ ಕೆನೆಯ ಒಂದು ಚೂರು ಉಳಿದಿರುತ್ತದೆ, ಹಾಲಿಗೆ ನೊರೆ ಬರಿಸುವ ಹಬೆ ಕೊಳವೆಯ ತುದಿಯ ತೂತಿಗೆ ಹೋಗಿ ಕೂರುತ್ತದೆ. ಬಿಸಿಗೆ ಅಲ್ಲೇ ಸೀದು ಗಟ್ಟಿಯಾಗುತ್ತದೆ. ನಮ್ಮ ಅಡುಗೆಮನೆ ಗೋಡೆಗೆ ಒಂದು ಸೇಫ್ಟಿ ಪಿನ್ನು ಕಾಯಂ ತೂಗುಹಾಕಿದೆ, ಅದಕ್ಕೆ ಇದೊಂದೇ ಕೆಲಸ. ಕಾಯಿಸಿ ಆರಿಸಿದ ಹಾಲಿಗೆ ನೊರೆಯೂ ಅಷ್ಟು ನುಣ್ಣಗೆ ಬರುವುದಿಲ್ಲ. ನೊರೆಗೆ ಮಾತ್ರ ನಂದಿನಿಯ ನೀಲಿ ಪ್ಯಾಕೆಟ್ಟೇ ಸೈ. ಪಾಶ್ಚರೀಕರಿಸಿದ ಹಾಲು, ಫ್ರಿಜ್ಜಿನಿಂದ ತೆಗೆದು ಹಾಗೇ ಹಬೆಗೆ ಹಿಡಿಯಬಹುದು. ಪಾತ್ರೆ ಕೈಗೆ ಸುಡಲು ಶುರುವಾದರೆ 60 ಡಿಗ್ರಿ ದಾಟುತ್ತಿದೆ ಅಂತ ಲೆಕ್ಕ, ನಿಲ್ಲಿಸಿ. ಮನೆಗೆ ಬಂದವರು 'ಬಿಸಿನೇ ಇಲ್ಲಲ್ರಿ' ಅನ್ನುತ್ತಾರೆ. ಕುದಿಯುವ ಚಹಾ ಕುಡಿದ ನಾಲಿಗೆಗಳು, ಏನು ಮಾಡೋದು.

ಕರೆಂಟ್ ವಿಚಾರ ಚುಟುಕಾಗಿ. ಮನೆಯ ಸಾಮಾನ್ಯ ಇನ್ವರ್ಟರ್ 1300 ವ್ಯಾಟ್ ಎಳೆಯುವುದಿಲ್ಲ. ಸಾಕೆಟ್ 16 ಆಂಪ್ಸ್‌ದೇ ಇರಲಿ. ಅಮೆರಿಕದಲ್ಲಿರುವ ಅಳಿಯ ಮಷಿನ್ ತರುತ್ತೇನೆ ಅಂದರೆ ನಯವಾಗಿ ಬೇಡ ಅನ್ನಿ. ಅಲ್ಲಿನದು 120 ವೋಲ್ಟ್. ಇಲ್ಲಿ ಓಡಿಸಲು ಮಷಿನ್‌ಗಿಂತ ಭಾರದ ಟ್ರಾನ್ಸ್‌ಫಾರ್ಮರ್ ಇಡಬೇಕಾಗುತ್ತದೆ.

ಎರಡನೇ ವರ್ಷ ದಾಟಿದ ಮೇಲೆ ಪೋರ್ಟಾಫಿಲ್ಟರ್ ಅಂಚಿನಿಂದ ಬಿಸಿನೀರು ಸೋರಲು ಶುರುವಾಯಿತು. ಕಂಪನಿಗೆ ಫೋನ್ ಮಾಡಿದರೆ ಹುಬ್ಬಳ್ಳಿಯಲ್ಲಿ ಸರ್ವಿಸ್ ಇಲ್ಲ, ಬೆಂಗಳೂರಿಗೆ ಕಳಿಸಿ ಅಂದರು. ಹೋಗಿ ಬರುವ ಖರ್ಚು ನಿಮ್ಮದೇ ಅಂತಲೂ ಸೇರಿಸಿದರು. ಕೊಡುವಾಗ ಈ ಮಾತು ಯಾರೂ ಹೇಳಿರಲಿಲ್ಲ. ಸೋರಿದ್ದು ಒಂದು ರಬ್ಬರ್ ಬಳೆ, ಗ್ಯಾಸ್ಕೆಟ್. ಬಿಸಿಗೆ ಒಣಗಿ ಪ್ಲಾಸ್ಟಿಕ್ಕಿನಂತೆ ಬಿರುಸಾಗಿತ್ತು. ಆನ್‌ಲೈನ್‌ನಲ್ಲಿ ಅದನ್ನು ತರಿಸಿದೆ. ದುರ್ಗದಬೈಲ್ ಹತ್ತಿರ ಮಿಕ್ಸರ್, ಗೀಸರ್ ರಿಪೇರಿ ಮಾಡುವವರೊಬ್ಬರು ಬಿಚ್ಚಿದರು. ಅವರು ಇಂಥ ಮಷಿನ್ ಮೊದಲು ನೋಡಿರಲಿಲ್ಲ. ಹಳೆ ಬಳೆಯನ್ನು ಉಗುರಿನಿಂದ ಚಿವುಟಿ, ಟಕ್ಕಂತ ಮುರಿದು ತೋರಿಸಿ, 'ಕುಕ್ಕರ್ ಗ್ಯಾಸ್ಕೆಟ್ ಇದ್ದಂಗ ಐತ್ರಿ' ಅಂದರು. ಹೊಸದು ಕೂರಿಸಿ ಕೊಟ್ಟರು. ಇವತ್ತಿಗೂ ಒಂದು ಹನಿ ಸೋರಿಲ್ಲ.

ಹಾಗಾಗಿ ನನ್ನ ಪಟ್ಟಿಯಲ್ಲಿ ಬಿಡಿಭಾಗ ಸಿಗುವುದು ಎಲ್ಲಕ್ಕಿಂತ ಮೊದಲು. ಇನ್ನೊಂದು ತಗೊಂಡರೆ 58 ಮಿಲಿಮೀಟರ್ ಪೋರ್ಟಾಫಿಲ್ಟರ್‌ನದೇ ತಗೊಳ್ಳುತ್ತೇನೆ. ಗ್ಯಾಜಿಯಾ ಕ್ಲಾಸಿಕ್, ರಾನ್ಸಿಲಿಯೊ ಸಿಲ್ವಿಯಾ ಥರದವು. ಬಾಯ್ಲರ್ ಒಂದೇ ಇರುವುದರಿಂದ ಕಾಫಿ ಇಳಿಸಿದ ಮೇಲೆ ಹಬೆಗೆ ಕಾಯಬೇಕು, ದುಡ್ಡೂ ಜಾಸ್ತಿ. ಆದರೆ ಅವು ಹಳೆಯ, ಸರಳ ವಿನ್ಯಾಸ. ಸ್ಕ್ರೂಡ್ರೈವರ್ ಹಿಡಿಯಲು ಬರುವವರು ಯಾರು ಬೇಕಾದರೂ ಬಿಚ್ಚಬಹುದು. ಕಾಫಿ ಅಂಗಡಿಗಳ ಮಷಿನ್‌ಗಳ ಅಳತೆಯೂ ಸಾಮಾನ್ಯವಾಗಿ 58 ಆದ್ದರಿಂದ ಬಾಸ್ಕೆಟ್, ಪುಡಿ ಒತ್ತುವ ಟ್ಯಾಂಪರ್‌ಗೆ ಹುಡುಕಾಡಬೇಕಿಲ್ಲ.

ಮನೆಯಲ್ಲಿ ಎಲ್ಲರೂ ಚಹಾ, ನೀವೊಬ್ಬರೇ ದಿನಕ್ಕೊಂದು ಗಟ್ಟಿ ಕಾಫಿ ಅನ್ನುವುದಾದರೆ ಇದ್ಯಾವುದೂ ಬೇಡ. ಒಂದು ಮೋಕಾ ಪಾಟ್ ತಗೊಳ್ಳಿ, ಒಲೆಯ ಮೇಲೆ ಹಬೆಯ ಒತ್ತಡದಿಂದ ಕಾಫಿ ಮೇಲೇರಿಸುವ ಪಾತ್ರೆ ಅದು. ಎಸ್ಪ್ರೆಸೊ ಅಲ್ಲ, ಒತ್ತಡ ಒಂದೂವರೆ ಬಾರ್ ಇದ್ದರೆ ಹೆಚ್ಚು. ಹಾಲಿಗೆ ಮಾತ್ರ ಚೆನ್ನಾಗಿ ಒಗ್ಗುತ್ತದೆ. ಗ್ಯಾಸ್ ಒಲೆ ಮೇಲೆ ಇಟ್ಟರೆ ಆಯಿತು, ಕರೆಂಟ್ ಹೋದರೂ ಚಿಂತೆಯಿಲ್ಲ. ಉಳಿದ ದುಡ್ಡಿಗೆ ಆ ಗ್ರೈಂಡರ್ ಬಂದುಬಿಡುತ್ತದೆ.