ಠಾಣೆಯ ನಾಗರಿಕ ಸಮಿತಿಗೆ ಸೇರುವ ಮೊದಲು ನನ್ನ ಸಹಿಯ ಕಥೆ ಕೇಳಿ

ತಾಲ್ಲೂಕು ಕಚೇರಿ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ. ಪಕ್ಕದಲ್ಲೇ ಟೈಪಿಂಗ್. ಪಹಣಿ ತಿದ್ದುಪಡಿ, ಪೌತಿ ಖಾತೆ, ವಿಧವಾ ವೇತನ, ಮಾಹಿತಿ ಹಕ್ಕಿನ ಅರ್ಜಿ, ಎಲ್ಲವನ್ನೂ ಹತ್ತೊಂಬತ್ತು ವರ್ಷದಿಂದ ಬರೆದುಕೊಡುತ್ತಿದ್ದೇನೆ. "ಸಹಿ ಹಾಕೋಕೆ ಮುಂಚೆ ಒಂದು ಸಲ ಓದ್ಕೊಳ್ಳಿ" ಎಂದು ದಿನಕ್ಕೆ ಇಪ್ಪತ್ತು ಜನಕ್ಕೆ ಹೇಳುತ್ತೇನೆ. ಅಂಥ ನಾನೇ ಓದದೆ ಹಾಕಿದ ಒಂದು ಸಹಿಯಿಂದ ನಮ್ಮ ಬೀದಿಯ ಹುಡುಗನೊಬ್ಬನ ದೂರು ಬಿದ್ದುಹೋಯಿತು. ಊರಿನ ಹೆಸರು, ಠಾಣೆಯ ಹೆಸರು ಬರೆಯುವುದಿಲ್ಲ. ಕೇಸ್ ಇನ್ನೂ ನಡೆಯುತ್ತಿದೆ.

ಎರಡು ವರ್ಷದ ಹಿಂದೆ ಠಾಣೆಯಿಂದ ಬೀಟ್ ಪೊಲೀಸ್, ಅಂದರೆ ನಮ್ಮ ಭಾಗದ ಗಸ್ತು ನೋಡುವವನು, ಬಂದು, "ಸಾಹೇಬ್ರು ಕರೀತಿದಾರೆ, ನಾಗರಿಕ ಸಮಿತಿಗೆ ನಿಮ್ಮ ಹೆಸರು ಹಾಕಿದಾರೆ" ಎಂದ. ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು. 2017ರಲ್ಲಿ ರಾಜ್ಯದಲ್ಲಿ ಸುಧಾರಿತ ಬೀಟ್ ಪದ್ಧತಿ ಬಂದಾಗಿನಿಂದ ಪ್ರತಿ ಬೀಟ್‌ಗೂ ಆ ಭಾಗದ ಜನರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳುತ್ತಾರೆ ಎಂದು ಗೊತ್ತಿತ್ತು. ಪೊಲೀಸರ ಮೇಲೆ ಊರಿನವರೂ ಒಂದು ಕಣ್ಣಿಡಬಹುದು, ತಪ್ಪು ಮಾಡಿದರೆ ಕೇಳಬಹುದು ಎಂದುಕೊಂಡು ಹೋದೆ. ಫೋಟೋ ಕೊಟ್ಟೆ, ಆಧಾರ್ ಜೆರಾಕ್ಸ್ ಕೊಟ್ಟೆ. ಅದನ್ನೂ ನಾನೇ ನನ್ನ ಅಂಗಡಿಯಲ್ಲಿ ಮಾಡಿಕೊಂಡೆ ಬಿಡಿ. ಮೊದಲ ಸಭೆಯಲ್ಲಿ ಶಾಲು ಹೊದಿಸಿದರು. ಕೊರಳಿಗೆ ಹಾಕಿಕೊಳ್ಳುವ ಐಡಿ ಕಾರ್ಡ್ ಕೊಟ್ಟರು. ಮನೆಯಲ್ಲಿ ಹೆಂಡತಿ ಆ ಕಾರ್ಡನ್ನು ಟಿವಿ ಪಕ್ಕ ನೇತುಹಾಕಿದಳು.

ಸಮಿತಿಯಲ್ಲಿ ಹನ್ನೊಂದು ಜನ. ಯಾರ್ಯಾರು ಅಂತ ಆವತ್ತೇ ಗಮನಿಸಬೇಕಿತ್ತು. ಬಾರ್ ಮಾಲೀಕರು ಒಬ್ಬರು, ಮರಳು ಲಾರಿಯವರು ಒಬ್ಬರು, ಇಬ್ಬರು ಪುರಸಭೆ ಮಾಜಿ ಸದಸ್ಯರು, ಒಬ್ಬ ಗುತ್ತಿಗೆದಾರರು, ಕಲ್ಯಾಣ ಮಂಟಪದ ಯಜಮಾನರು. ಹೆಂಗಸರು ಒಬ್ಬರೇ, ಅವರೂ ಒಬ್ಬ ಮಾಜಿ ಸದಸ್ಯರ ಮನೆಯವರು. ಗ್ಯಾರೇಜ್, ಹಮಾಲಿ, ತಳ್ಳುಗಾಡಿ ಕಡೆಯಿಂದ, ಅಂದರೆ ಪೊಲೀಸರ ಕೈಗೆ ದಿನಾ ಸಿಗುವ ಜನರ ಕಡೆಯಿಂದ, ಒಬ್ಬರೂ ಇರಲಿಲ್ಲ. ಆರಿಸಿದ್ದು ಇನ್‌ಸ್ಪೆಕ್ಟರ್. ಸಭೆ ಕರೆಯುವವರೂ ಅವರೇ, ಏನು ಮಾತಾಡಬೇಕು ಎಂದು ತೀರ್ಮಾನಿಸುವವರೂ ಅವರೇ. ನಡಾವಳಿ ಬರೆಯುವುದು ಠಾಣೆಯ ರೈಟರ್.

ಸಭೆಗಳೆಲ್ಲ ಸುಮ್ನೆ ಕಾಲಹರಣ ಅನ್ನಲಾರೆ. ಬಸ್ ನಿಲ್ದಾಣದ ಹಿಂದೆ ಬೀದಿ ದೀಪ ಬಂತು. ಸಂಜೆ ಹೊತ್ತು ಕಾಲೇಜು ರಸ್ತೆಯಲ್ಲಿ ಬೈಕ್ ಹುಡುಗರ ಕಾಟ ಕಡಿಮೆಯಾಯಿತು. ಗಣೇಶ ಬಿಡುವ ದಿನ ಡಿಜೆ ಎಷ್ಟು ಗಂಟೆಗೆ ನಿಲ್ಲಿಸಬೇಕು ಎಂದು ಜಗಳವಿಲ್ಲದೆ ಮಾತಾಯಿತು. ಟೀ, ಖಾರಾಬೂಂದಿ, ಕೊನೆಗೆ ಒಂದು ದಪ್ಪ ರಿಜಿಸ್ಟರ್ ನಮ್ಮ ಮುಂದೆ ಬರುತ್ತಿತ್ತು. ಎದ್ದು ಹೋಗುವ ಅವಸರದಲ್ಲಿ, ಚಪ್ಪಲಿ ಹಾಕಿಕೊಳ್ಳುತ್ತಲೇ ಸಹಿ ಹಾಕುತ್ತಿದ್ದೆವು.

ಹೋದ ವರ್ಷ ಗಣೇಶನ ಹಬ್ಬಕ್ಕೆ ಹತ್ತು ದಿನ ಇತ್ತು. ನಮ್ಮ ಬೀದಿಯ ಗ್ಯಾರೇಜ್ ಹುಡುಗನನ್ನು ಒಂದು ಬೈಕ್ ಕಳ್ಳತನದ ಬಗ್ಗೆ ಕೇಳಬೇಕು ಎಂದು ಸಂಜೆ ಆರಕ್ಕೆ ಕರೆದುಕೊಂಡು ಹೋದರು. ಬಿಟ್ಟಿದ್ದು ಮಾರನೇ ದಿನ ಮಧ್ಯಾಹ್ನ. ಬಂಧನ ಅಂತ ಎಲ್ಲೂ ಬರೆದಿರಲಿಲ್ಲ. ಬಿಡುವಾಗ ಒಂದು ಮುಚ್ಚಳಿಕೆಗೆ ಸಹಿ ತೆಗೆದುಕೊಂಡಿದ್ದರು. ಬೈಕ್ ಆಮೇಲೆ ಮಾಲೀಕನ ಭಾವಮೈದುನನ ಮನೆಯಲ್ಲೇ ಸಿಕ್ಕಿತು!

ಹುಡುಗನ ತಾಯಿ ನನ್ನ ಅಂಗಡಿಗೆ ಬಂದಾಗ ಕತ್ತಲಾಗಿತ್ತು. "ಅಣ್ಣಾ, ನೀವು ಆ ಸಮಿತಿಲಿ ಇದೀರಲ್ವಾ? ಒಂದು ಮಾತು ಕೇಳಿ" ಎಂದರು. ಹುಡುಗ ಹೊರಗೆ ಆಟೋದಲ್ಲಿ ಕೂತಿದ್ದ. ಇಳಿಯಲು ಆಗುತ್ತಿರಲಿಲ್ಲ. ಅಂಗಾಲು ಊದಿಕೊಂಡು ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ, ಎರಡು ಚಪ್ಪಲಿಯನ್ನೂ ಕೈಯಲ್ಲೇ ಹಿಡಿದುಕೊಂಡಿದ್ದ.

ಮೊದಲ ತಪ್ಪು ಮಾಡಿದ್ದು ಆವತ್ತೇ ರಾತ್ರಿ. ಪರಿಚಯದ ಖಾಸಗಿ ಕ್ಲಿನಿಕ್‌ಗೆ ಕರೆದುಕೊಂಡು ಹೋಗಿ ನೋವಿನ ಇಂಜೆಕ್ಷನ್ ಹಾಕಿಸಿದೆ. ಸರ್ಕಾರಿ ಆಸ್ಪತ್ರೆಗೆ ಹೋಗಿ, ಯಾರು ಹೊಡೆದರು ಎಂದು ಡಾಕ್ಟರ್ ಹತ್ತಿರ ಬಾಯಿಬಿಟ್ಟು ಹೇಳಿ, ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಿಗೆ ಬೇಕಾಗುವ ಗಾಯದ ವೈದ್ಯಕೀಯ ದಾಖಲೆ, ಮಾಡಿಸಬೇಕಿತ್ತು. ಕ್ಲಿನಿಕ್ ಚೀಟಿಯಲ್ಲಿ ಇರುವುದು 'ಕಾಲು ನೋವು' ಎಂಬ ಎರಡೇ ಪದ. ಗಾಯದ ಪ್ರಮಾಣ ಪತ್ರ ಇಲ್ಲದಿದ್ದರೆ ಊತ ಇಳಿದ ಮೇಲೆ ಹೊಡೆದದ್ದಕ್ಕೆ ಸಾಕ್ಷಿಯೇ ಇರುವುದಿಲ್ಲ.

ಎರಡನೇ ತಪ್ಪು, ಸಮಿತಿ ಸದಸ್ಯ ಎಂಬ ಧೈರ್ಯದಲ್ಲಿ ಕಾಗದ ಇಲ್ಲದೆ ಬಾಯಿಮಾತಲ್ಲಿ ಹೋಗಿ ಹೇಳಿದ್ದು. ಇನ್‌ಸ್ಪೆಕ್ಟರ್ ಚೆನ್ನಾಗಿಯೇ ಮಾತಾಡಿಸಿದರು. "ಯಜಮಾನ್ರೇ, ನೀವು ನಮ್ಮವರು. ನಾನು ವಿಚಾರಿಸ್ತೀನಿ, ಬರೆದು ಕೊಡೋದೆಲ್ಲ ಯಾಕೆ" ಎಂದರು. ಮೂರು ದಿನ ಬಿಟ್ಟು ಹಬ್ಬದ ಸಭೆ ಕರೆದರು. ನಾನು ಹೋದೆ. ಸಭೆಯಲ್ಲಿ ಹುಡುಗನ ವಿಷಯ ಎತ್ತಿದೆ. "ಅದು ಬೇರೆ ಮಾತಾಡೋಣ, ಈಗ ಮೆರವಣಿಗೆ ದಾರಿ ಹೇಳಿ" ಎಂದರು. ಮಾಜಿ ಸದಸ್ಯರೊಬ್ಬರು ನನ್ನ ತೊಡೆ ತಟ್ಟಿ ಸುಮ್ಮನಿರಿ ಎಂದರು. ಸುಮ್ಮನಾದೆ. ರಿಜಿಸ್ಟರ್ ಬಂತು, ನಾಲ್ಕನೆಯವನಾಗಿ ಸಹಿ ಹಾಕಿ ಎದ್ದೆ.

ವಾರ ಕಳೆಯಿತು, ಎರಡು ವಾರ ಕಳೆಯಿತು. ವಿಚಾರಿಸುತ್ತೇನೆ ಎಂದವರು ಫೋನ್ ಎತ್ತುವುದನ್ನು ನಿಲ್ಲಿಸಿದರು. ಆಮೇಲೆ ತಾಯಿಯ ಹೆಸರಲ್ಲಿ ಎಸ್‌ಪಿ ಕಚೇರಿಗೆ ಒಂದು ದೂರು, ಜಿಲ್ಲಾ ಪೊಲೀಸ್ ದೂರು ಪ್ರಾಧಿಕಾರಕ್ಕೆ ಒಂದು ದೂರು ಟೈಪ್ ಮಾಡಿ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿದೆ.

ಈ ಪ್ರಾಧಿಕಾರದ ಹೆಸರೇ ಬಹಳ ಜನ ಕೇಳಿಲ್ಲ, ಅದಕ್ಕೇ ಸ್ವಲ್ಪ ಹೇಳುತ್ತೇನೆ. ಉತ್ತರ ಪ್ರದೇಶ ಮತ್ತು ಅಸ್ಸಾಂನಲ್ಲಿ ಡಿಜಿಪಿ ಆಗಿದ್ದ ಪ್ರಕಾಶ್ ಸಿಂಗ್ ಅವರು ಪೊಲೀಸ್ ಇಲಾಖೆ ಸುಧಾರಿಸಬೇಕು ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದರು. ಹತ್ತು ವರ್ಷ ಆದ ಮೇಲೆ, 2006ರ ಸೆಪ್ಟೆಂಬರ್ 22ರಂದು ತೀರ್ಪು ಬಂತು. ಕೋರ್ಟ್ ಕೊಟ್ಟ ಏಳು ನಿರ್ದೇಶನಗಳಲ್ಲಿ ಒಂದು ಇದು: ಪೊಲೀಸರ ಮೇಲಿನ ದೂರು ಕೇಳಲು ರಾಜ್ಯಕ್ಕೊಂದು, ಜಿಲ್ಲೆಗೊಂದು ಪ್ರಾಧಿಕಾರ ಇರಬೇಕು. ಡಿವೈಎಸ್‌ಪಿ ಮತ್ತು ಕೆಳಗಿನವರ ಮೇಲಿನ ದೂರು ಜಿಲ್ಲೆಗೆ, ಎಸ್‌ಪಿ ಮತ್ತು ಮೇಲಿನವರದ್ದು ರಾಜ್ಯಕ್ಕೆ. ನಮ್ಮ ರಾಜ್ಯ 2012ರಲ್ಲಿ ಪೊಲೀಸ್ ಕಾಯ್ದೆ ತಿದ್ದುಪಡಿ ಮಾಡಿ ಎರಡನ್ನೂ ತಂದಿತು. ಆದರೆ ಜಿಲ್ಲೆಯದ್ದಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಮುಖ್ಯಸ್ಥರಾಗಬೇಕು ಎಂದು ಕೋರ್ಟ್ ಹೇಳಿದ್ದರೆ, ನಮ್ಮಲ್ಲಿ ಆ ಕುರ್ಚಿ ಹೋಗಿದ್ದು ಪ್ರಾದೇಶಿಕ ಆಯುಕ್ತರಿಗೆ. ರಾಜ್ಯದಲ್ಲಿ ಪ್ರಾದೇಶಿಕ ಆಯುಕ್ತರು ಇರುವುದೇ ನಾಲ್ಕು ಜನ. ಕಂದಾಯದ ಕೆಲಸದ ನಡುವೆ ಪೊಲೀಸರ ದೂರಿಗೆ ಎಷ್ಟು ಹೊತ್ತು ಸಿಗುತ್ತದೆ, ನೀವೇ ಲೆಕ್ಕ ಹಾಕಿ.

ನಮ್ಮ ದೂರು ಮೊದಲು ವಾಪಸ್ ಬಂತು, ಪ್ರಮಾಣ ಪತ್ರ (ಅಫಿಡವಿಟ್) ಲಗತ್ತಿಸಿಲ್ಲ ಎಂದು. ನೋಟರಿ ಮಾಡಿಸಿ ಮತ್ತೆ ಕಳಿಸಿದೆವು. ಐದು ತಿಂಗಳಾದ ಮೇಲೆ ಒಂದು ಹಿಂಬರಹ ಬಂತು. ಆರೋಪಕ್ಕೆ ಪೂರಕ ಸಾಕ್ಷ್ಯ ಇಲ್ಲವಂತೆ. ಜೊತೆಗೆ ಈ ಸಾಲು: 'ಸದರಿ ಅವಧಿಯಲ್ಲಿ ನಡೆದ ನಾಗರಿಕ ಸಮಿತಿ ಸಭೆಯಲ್ಲಿಯೂ ಠಾಣೆಯ ಕಾರ್ಯವೈಖರಿ ಬಗ್ಗೆ ಯಾವುದೇ ದೂರು ಇರುವುದಿಲ್ಲವೆಂದು ಸದಸ್ಯರು ತಿಳಿಸಿರುತ್ತಾರೆ.'

ಓದಿ ಕೈ ತಣ್ಣಗಾಯಿತು. ಆ ಸಭೆಯ ನಡಾವಳಿ ಬೇಕು ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಮೂವತ್ತು ದಿನದ ಗಡುವು ಮುಗಿಯುವ ಎರಡು ದಿನ ಮೊದಲು ಪ್ರತಿ ಬಂತು. ಜೆರಾಕ್ಸ್‌ನಲ್ಲಿ ಶಾಯಿಯ ಬಣ್ಣ ಗೊತ್ತಾಗುವುದಿಲ್ಲ. ಆದರೆ ಸಾಲಿನ ಅಂತರ ಗೊತ್ತಾಗುತ್ತದೆ, ಅದು ನನ್ನ ಕಸುಬು. ಮೇಲಿನ ಎಂಟು ಸಾಲು ಆರಾಮಾಗಿ ಬರೆದಿದ್ದಾರೆ: ಮೆರವಣಿಗೆ ದಾರಿ, ಡಿಜೆ, ವಿದ್ಯುತ್ ತಂತಿ. ಅದರ ಕೆಳಗೆ ಮೂರು ಸಾಲು, ಬಸ್ಸಿನ ಕೊನೇ ಸೀಟಲ್ಲಿ ಆರು ಜನ ಕೂತ ಹಾಗೆ ಒತ್ತೊತ್ತಾಗಿ. ಕೊನೆಯ ಪದದ ಬಾಲ ನಮ್ಮ ಮೊದಲ ಸಹಿಯ ಮೇಲೆ ಹತ್ತಿಕೊಂಡಿದೆ. ಅಂದರೆ ಸಹಿ ಮೊದಲು ಬಿದ್ದಿದೆ, ಬರವಣಿಗೆ ಆಮೇಲೆ. ನಾಲ್ಕನೇ ಸಹಿ ನನ್ನದು. ಹುಡುಗನ ದೂರು ಟೈಪ್ ಮಾಡಿದ ಕೈಯೇ ದೂರು ಇಲ್ಲ ಎಂದೂ ಬರೆದುಕೊಟ್ಟ ಹಾಗಾಯಿತು.

ಬೀಟ್ ಪೊಲೀಸ್ ಒಂದು ದಿನ ಅಂಗಡಿಗೆ ಬಂದವನು, ಯಾರೂ ಇಲ್ಲ ಎಂದು ನೋಡಿಕೊಂಡು, "ಅಣ್ಣಾ, ಖಾಲಿ ಜಾಗ ಬಿಟ್ಟು ಸಹಿ ಹಾಕಬಾರದಿತ್ತು" ಎಂದ. ಒಳ್ಳೆಯ ಹುಡುಗ. ಬಂದೋಬಸ್ತ್ ಅಂತ ವಾರಕ್ಕೆ ಒಂದು ರಜೆಯೂ ಸಿಗದೆ ಓಡಾಡುತ್ತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಸಿಸಿಟಿವಿ ವಿಷಯದಲ್ಲೂ ಕೈ ಸುಟ್ಟುಕೊಂಡೆ. ಎಲ್ಲ ಠಾಣೆಗಳಲ್ಲೂ ಕ್ಯಾಮೆರಾ ಇರಬೇಕು, ದೃಶ್ಯಗಳನ್ನು 18 ತಿಂಗಳು, ಸಾಧ್ಯವಾಗದಿದ್ದರೆ ಕಡಿಮೆ ಎಂದರೂ ಒಂದು ವರ್ಷ ಇಟ್ಟಿರಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಹೇಳಿದೆ. ಅದನ್ನು ನಂಬಿ, ಆಮೇಲೆ ಕೇಳಿದರಾಯಿತು ಎಂದು ನಾಲ್ಕು ತಿಂಗಳು ತಡ ಮಾಡಿದೆ. ಬಂದ ಉತ್ತರ: 'ಸ್ಟೋರೇಜ್ ಸಾಮರ್ಥ್ಯ ಕಡಿಮೆ ಇರುವುದರಿಂದ ದೃಶ್ಯಾವಳಿ ಲಭ್ಯವಿರುವುದಿಲ್ಲ.' ಕೋರ್ಟ್ ಏನೇ ಹೇಳಿರಲಿ, ನೀವು ಮಾತ್ರ ಮಾರನೇ ದಿನವೇ ದಿನಾಂಕ, ಸಮಯ ಹಾಕಿ ದೃಶ್ಯ ಅಳಿಸದಂತೆ ತೆಗೆದಿಡಿ ಎಂದು ಎಸ್‌ಪಿಗೆ ಬರೆದು ಸ್ವೀಕೃತಿ ತೆಗೆದುಕೊಳ್ಳಿ.

ಸಮಿತಿ ಎಂಬುದು ಎಷ್ಟು ದೂರ ಹೋಗಬಹುದು ಎಂದು ಆಮೇಲೆ ಓದಿ ತಿಳಿದುಕೊಂಡೆ. ತಮಿಳುನಾಡಿನಲ್ಲಿ 'ಫ್ರೆಂಡ್ಸ್ ಆಫ್ ಪೊಲೀಸ್' ಎಂಬ ಯೋಜನೆ 1993ರಲ್ಲಿ ರಾಮನಾಥಪುರದಲ್ಲಿ ಶುರುವಾಯಿತು. ಆಗ ಅಲ್ಲಿ ಎಸ್‌ಪಿ ಆಗಿದ್ದವರು ಪ್ರತೀಪ್ ಫಿಲಿಪ್. ಉದ್ದೇಶ ಒಳ್ಳೆಯದೇ, ಜನ ಮತ್ತು ಪೊಲೀಸರ ನಡುವೆ ಭಯ ಹೋಗಲಿ ಅಂತ. 2020ರ ಜೂನ್‌ನಲ್ಲಿ ಸಾತಾನ್‌ಕುಳಂನಲ್ಲಿ ಮೊಬೈಲ್ ಅಂಗಡಿಯ ಅಪ್ಪ, ಮಗ ಇಬ್ಬರೂ ಠಾಣೆಯ ಹೊಡೆತ ತಿಂದು ಸತ್ತರು. ಅದರಲ್ಲಿ ಈ ಸ್ವಯಂಸೇವಕರ ಕೈಯೂ ಇತ್ತು ಎಂಬ ಆರೋಪ ಬಂತು. ಸಂಘಟನೆ ಅದನ್ನು ಅಲ್ಲಗಳೆಯಿತು. ಜುಲೈನಲ್ಲಿ ಸರ್ಕಾರ ಆ ವ್ಯವಸ್ಥೆಯನ್ನೇ ನಿಷೇಧಿಸಿತು. ಪೊಲೀಸರ ಸ್ನೇಹಿತರಾಗುವುದು ಬೇರೆ, ಪೊಲೀಸರನ್ನು ಲೆಕ್ಕ ಕೇಳುವುದು ಬೇರೆ. ನಾನು ಎರಡೂ ಒಂದೇ ಎಂದುಕೊಂಡಿದ್ದೆ.

ನಿಮ್ಮನ್ನೂ ಯಾರಾದರೂ ಕರೆದರೆ ಹೋಗಬೇಡಿ ಎನ್ನುವುದಿಲ್ಲ. ಹೋಗಿ. ಆದರೆ ನಡಾವಳಿ ಪೂರ್ತಿ ಬರೆದು ಮುಗಿಯುವ ತನಕ ಕೂತಿರಿ. ಕೊನೆಯ ಸಾಲಿಗೂ ನಿಮ್ಮ ಸಹಿಗೂ ಮಧ್ಯೆ ಜಾಗ ಇದ್ದರೆ ಅಡ್ಡ ಗೆರೆ ಎಳೆಯಿರಿ. ಸಹಿಯ ಪಕ್ಕ ದಿನಾಂಕ, ಗಂಟೆ ಬರೆಯಿರಿ. ಪುಟದ ಫೋಟೋ ತೆಗೆಯಿರಿ. ಬೇಡ ಅಂದರೆ ಸಹಿಯೂ ಬೇಡ ಅನ್ನಿ, ಮರ್ಯಾದೆಯಿಂದಲೇ. ನೀವು ಎತ್ತಿದ ಮಾತನ್ನು ನಡಾವಳಿಯಲ್ಲಿ ಬರೆಯದಿದ್ದರೆ ಅದನ್ನೇ ಒಂದು ಕಾಗದದಲ್ಲಿ ಬರೆದು ಮಾರನೇ ದಿನ ಪೋಸ್ಟ್ ಮಾಡಿ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಸಮಿತಿಯವರ ಮನೆಗೆ ಅಲೆಯಬೇಡಿ. ಹೊಸ ಕಾನೂನು ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಹಳೇ ಸಿಆರ್‌ಪಿಸಿ ಬದಲಿಗೆ ಬಂದದ್ದು) 173ನೇ ಕಲಂ 4ನೇ ಉಪಕಲಂ ಪ್ರಕಾರ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬಹುದು. ಮಾನವ ಹಕ್ಕುಗಳ ಆಯೋಗಕ್ಕೆ ಹೋಗುವುದಾದರೆ ಘಟನೆ ಆಗಿ ಒಂದು ವರ್ಷದೊಳಗೆ ಹೋಗಬೇಕು. ಆಮೇಲೆ ಅವರು ತೆಗೆದುಕೊಳ್ಳುವುದಿಲ್ಲ. ಲಂಚ ಕೇಳಿದ್ದರೆ ಅದು ಲೋಕಾಯುಕ್ತದ ದಾರಿ.

ನಾನು ಸಮಿತಿಗೆ ರಾಜೀನಾಮೆ ಬರೆದು ಕಳಿಸಿದೆ. ಹಸಿರು ಸ್ವೀಕೃತಿ ಕಾರ್ಡ್ ವಾಪಸ್ ಬಂದಿದೆ. ಆದರೂ ಠಾಣೆಯ ಗೋಡೆಯ ಬೋರ್ಡಲ್ಲಿ ನನ್ನ ಹೆಸರು, ಮೊಬೈಲ್ ನಂಬರ್ ಹಾಗೇ ಇವೆ. ಹುಡುಗನ ತಾಯಿ ಈಗಲೂ ಅಂಗಡಿಗೆ ಬರುತ್ತಾರೆ, ಆದರೆ ಮೊದಲಿನ ಹಾಗೆ ಮಾತಾಡುವುದಿಲ್ಲ. ಜೆರಾಕ್ಸ್ ತೆಗೆದುಕೊಂಡು ದುಡ್ಡು ಎಣಿಸಿ ಇಟ್ಟು ಹೋಗುತ್ತಾರೆ. ನಾನು ಬೇಡ ಅಂದರೂ ಇಡುತ್ತಾರೆ.

ಮೊನ್ನೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಸಲ್ಲಿಸಲು ನಾನೇ ಒಂದು ಪ್ರಮಾಣ ಪತ್ರ ಮಾಡಿಸಿದೆ: ಆ ಮೂರು ಸಾಲು ನಾನು ಸಹಿ ಹಾಕುವಾಗ ಪುಟದಲ್ಲಿ ಇರಲಿಲ್ಲ ಎಂದು. ನೋಟರಿ ಮುಂದೆ ಕೂತು, ಮೊದಲ ಪುಟದಿಂದ ಕೊನೆಯವರೆಗೆ ಮೂರು ಸಲ ಓದಿದೆ. ಖಾಲಿ ಜಾಗಕ್ಕೆಲ್ಲ ಗೆರೆ ಎಳೆದೆ. ನೋಟರಿಯವರು ಎರಡು ಸಲ ಗಡಿಯಾರ ನೋಡಿಕೊಂಡರು.